ಅಕ್ಕನ ಡಿಸೈನ್‌ಗಳಿಗೆ ಬಿದ್ದ ಬೀಗ

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಇಳಿದವರು ಈಗಲೂ ನನ್ನನ್ನು ಹುಡುಕಿಕೊಂಡು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಸಾರ್, ಈ ರ‍್ಯಾನ್ಸಮ್‌ವೇರ್ ತೆಗೆಯೋದು ಹೆಂಗೆ?"

ತೆಗೆಯುವುದು ಸುಲಭ. ಮನೆಗೆ ನುಗ್ಗಿದ ಕಳ್ಳನನ್ನು ಕತ್ತು ಹಿಡಿದು ಆಚೆ ದಬ್ಬಿದಷ್ಟೇ ಸುಲಭ. ಆದರೆ ಆ ಕಳ್ಳ ನಿಮ್ಮ ಬೀರುವಿಗೆ ತನ್ನ ಬೀಗ ಜಡಿದು ಕೀಲಿಕೈಯನ್ನು ತನ್ನ ಊರಲ್ಲೇ ಇಟ್ಟು ಬಂದಿದ್ದರೆ, ಅವನನ್ನು ದಬ್ಬಿದ ಮಾತ್ರಕ್ಕೆ ಬೀರು ತೆರೆದುಕೊಳ್ಳುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯದೆ ಅಂಗಡಿಗೆ ಬೋರ್ಡು ಹಾಕಿಕೊಂಡವರು ಹಿಂದೂಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಹಳ ಕಾಲ ನಾನೂ ಅವರಲ್ಲಿ ಒಬ್ಬನಾಗಿದ್ದೆ. ಹಾಗಾಗಿ ಈ ಬರಹದಲ್ಲಿ ಯಾರನ್ನಾದರೂ ಹಳಿದಿದ್ದರೆ, ಅದರಲ್ಲಿ ನನ್ನ ಪಾಲೂ ಇದೆ ಎಂದೇ ಓದಿಕೊಳ್ಳಬೇಕು.

ನಾನು ಹಿಂದೂಪುರದ ಒಂದು ಸರ್ವಿಸ್ ಸೆಂಟರಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಪ್ರತಿ ಗುರುವಾರ ಕಲ್ಯಾಣದುರ್ಗಕ್ಕೆ ಹೋಗಿ ಅಲ್ಲಿಯ ಗಿರಾಕಿಗಳ ಯಂತ್ರ ನೋಡಿ ಬರುವುದು ನನ್ನ ಪಾಲಿನ ಕೆಲಸ. ಈಗ ಕೆಲಸ ಬಿಟ್ಟಿದ್ದೇನೆ. ನನ್ನ ಅಕ್ಕ ಸಾವಿತ್ರಮ್ಮ ತೀರಿಕೊಂಡು ವರ್ಷವಾಗುತ್ತ ಬಂತು. ಮನೆಯಲ್ಲಿ ನನ್ನನ್ನು ಬೈಯುವವರು ಇಲ್ಲದ ಮೇಲೆ ಹೊತ್ತು ಹೋಗುವುದು ಕಷ್ಟ. ಬರೆಯಲು ಕೂತದ್ದು ಅದಕ್ಕೇ.

ನಾನು ಸೇರಿದ ಕಾಲದ ವೈರಸ್‌ಗಳು ಕೋಡಂಗಿಗಳು. ಪರದೆಯ ಮೇಲೆ ಅಕ್ಷರ ಉದುರಿಸುತ್ತಿದ್ದವು, ಇಲ್ಲವೇ ಪೆನ್‌ಡ್ರೈವಿನ ಫೋಲ್ಡರುಗಳನ್ನೆಲ್ಲ ಮರೆಮಾಡಿ ನಕಲಿ ಗುರುತುಗಳನ್ನು ಇಡುತ್ತಿದ್ದವು. ಊರಿನ ಜೆರಾಕ್ಸ್ ಅಂಗಡಿಗಳಿಂದ ಆ ಪೆನ್‌ಡ್ರೈವ್ ವೈರಸ್ಸು ಮನೆಮನೆಗೆ ಹೋಗುತ್ತಿತ್ತು, ಮದುವೆ ಕರೆಯೋಲೆ ಹಂಚಿದ ಹಾಗೆ. ಅದನ್ನು ತೆಗೆಯುವುದು ಹತ್ತು ನಿಮಿಷದ ಕೆಲಸ. ಗಿರಾಕಿಯನ್ನು ಮಾತ್ರ ಅರ್ಧ ದಿನ ಕೂರಿಸುತ್ತಿದ್ದೆವು. ಬೇಗ ಮುಗಿದರೆ ವಿದ್ಯೆಗೆ ಬೆಲೆ ಇಲ್ಲ ಎಂದು ನಮ್ಮ ಮಾಲೀಕ ರಮಣಯ್ಯ ಹೇಳಿಕೊಟ್ಟಿದ್ದ.

ರಮಣಯ್ಯನಿಗೆ ಗೊತ್ತಿದ್ದ ಔಷಧ ಒಂದೇ: ಫಾರ್ಮ್ಯಾಟ್, ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡುವುದು. ಯಂತ್ರ ನಿಧಾನವಾದರೂ ಫಾರ್ಮ್ಯಾಟ್, ಪ್ರಿಂಟರು ಓಡದಿದ್ದರೂ ಫಾರ್ಮ್ಯಾಟ್. ಒಮ್ಮೆ ಗೋರಂಟ್ಲದ ಗಿರಾಕಿಯೊಬ್ಬ ಫೋನಿನಲ್ಲಿ ಮೌಸ್ ಅಲ್ಲಾಡುತ್ತಿಲ್ಲ ಎಂದಾಗಲೂ ಅದನ್ನೇ ಹೇಳಿದ. ಮೌಸಿನ ತಂತಿಯನ್ನು ಇಲಿ ಕಡಿದಿತ್ತು.

ಫೈಲುಗಳಿಗೆ ಬೀಗ ಹಾಕುವ ಈ ಪೀಡೆಯನ್ನು ನಾನು ಮೊದಲು ನೋಡಿದ್ದು ಕಲ್ಯಾಣದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ. ಅದರ ಯಜಮಾನರನ್ನು ಎಲ್ಲರೂ ಕರೆಸ್ಪಾಂಡೆಂಟ್ ಎನ್ನುತ್ತಿದ್ದರು. ನಾನು ಹೋದಾಗ ಕಂಪ್ಯೂಟರಿನ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದ್ದರು.

"ನಮ್ಮ ಕಾಲೇಜಿಗೆ ದೃಷ್ಟಿ ಆಗೈತೆ ಕಣಪ್ಪ. ಒಂದು ಫೈಲೂ ಓಪನ್ ಕಾವಟ್ಲೇದು, ತೆರ್ಕೊಳ್ತಾನೇ ಇಲ್ಲ," ಎಂದರು.

ತೆರೆದು ನೋಡಿದರೆ ಪ್ರತಿ ಫೈಲಿನ ಹೆಸರಿಗೂ ಕೊನೆಯಲ್ಲಿ ಯಾವುದೋ ಹೊಸ ಬಾಲ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: ನಿಮ್ಮ ಕಡತಗಳು ನಮ್ಮ ಬೀಗದಲ್ಲಿವೆ, ಇಷ್ಟು ಡಾಲರ್ ಕಳಿಸಿ, ಕೀಲಿ ಕಳಿಸುತ್ತೇವೆ. ನಾನು ಜಾಣನ ಹಾಗೆ ಒಂದು ಫೈಲಿನ ಬಾಲ ಕತ್ತರಿಸಿ ಹಳೆಯ ಹೆಸರು ಕೊಟ್ಟೆ. ತೆರೆಯಲಿಲ್ಲ. ಇನ್ನೊಂದಕ್ಕೂ ಅದನ್ನೇ ಮಾಡಿದೆ. ಹೆಸರು ಬದಲಿಸಿದರೆ ಒಳಗಿನದು ಬದಲಾಗುತ್ತದೆಂದು ನಂಬುವುದು ನಮ್ಮ ಕಸುಬಿನ ಮೊದಲ ದಡ್ಡತನ. ಈ ಪೀಡೆ ಒಳಗಿನ ಪ್ರತಿ ಅಂಕಿಯನ್ನೂ ಕಲಸಿ ಹಾಕಿರುತ್ತದೆ; ಕೀಲಿ ಇಲ್ಲದೆ ಅದನ್ನು ಮತ್ತೆ ಬೇರ್ಪಡಿಸಲು ಆಗುವುದಿಲ್ಲ. ವಿಂಡೋಸ್ ತಾನೇ ಒಳಗೊಳಗೆ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನೂ ಈ ಪೀಡೆ ಅಳಿಸಿಬಿಡುತ್ತದೆ. ಆ ಹೊತ್ತಿಗೆ ಯಂತ್ರಕ್ಕೆ ಯಾವ ಪೆನ್‌ಡ್ರೈವ್, ಯಾವ ಡಿಸ್ಕು ಸಿಕ್ಕಿಸಿದ್ದರೂ ಅದಕ್ಕೂ ಬೀಗ.

ಹೇಗೆ ಒಳಗೆ ಬಂತು ಎಂದು ಹುಡುಕಿದೆ. ಕರೆಸ್ಪಾಂಡೆಂಟರು ಅನಂತಪುರದ ಮನೆಯಲ್ಲಿ ಕೂತು ಆಫೀಸಿನ ಕಂಪ್ಯೂಟರ್ ನೋಡಲು ಇಂಟರ್‌ನೆಟ್ಟಿನಲ್ಲಿ ಒಂದು ಬಾಗಿಲು ತೆರೆಸಿಕೊಂಡಿದ್ದರು. ಅದರ ಪಾಸ್‌ವರ್ಡು ಕಾಲೇಜಿನ ಹೆಸರು, ಮುಂದೆ ಒಂದು ಎರಡು ಮೂರು.

"ಮರ್ತೋಯ್ತದಲ್ಲಪ್ಪ ಅಂತ ಸುಲಭದ್ದು ಇಟ್ಟೆ," ಎಂದರು.

"ಕಳ್ಳನಿಗೂ ನೆನಪಿಟ್ಕೊಳ್ಳಾಕೆ ಸುಲಭ ಆಯ್ತು ಸಾರ್," ಎಂದೆ.

ರಮಣಯ್ಯನಿಗೆ ಫೋನ್ ಮಾಡಿದೆ. "ಡೇಟಾ ಪೋತೇ ಪೋನೀ, ಹೋದ್ರೆ ಹೋಗ್ಲಿ. ಫಾರ್ಮ್ಯಾಟ್ ಕೊಟ್ಟು ಬಂದ್ಬುಡು," ಎಂದ. ನಾನು ಕೊಟ್ಟೆ. ಮೇಷ್ಟ್ರುಗಳು ಬರೆದಿಟ್ಟ ಪಾಠದ ಟಿಪ್ಪಣಿ, ಹಳೆಯ ಮಕ್ಕಳ ಫೋಟೋ, ಎಲ್ಲವೂ ಹೋಯಿತು. ಯಂತ್ರ ಹೊಸದರ ಹಾಗೆ ಓಡಿತು. ಕರೆಸ್ಪಾಂಡೆಂಟರಿಗೆ ಬಹಳ ಸಂತೋಷ. "ಈಗ ಏನು ಫಾಸ್ಟು ನೋಡು!" ಎಂದರು. ಕುಂದುರ್ಪಿಯ ಕೊನೇ ಬಸ್ಸೂ ಜನ ಇಳಿದ ಮೇಲೆ ಫಾಸ್ಟಾಗೇ ಓಡುತ್ತದೆ.

ಕೆಲವು ತಿಂಗಳ ಮೇಲೆ ಅದೇ ಬೀಗದ ಕೀಲಿ ಬಯಲಿಗೆ ಬಂತು. ಆ ಕಳ್ಳರ ಗುಂಪು ಒಡೆದು, ಅವರ ಕೀಲಿಗಳು ಯಾರದೋ ಕೈಗೆ ಸಿಕ್ಕಿ, ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳುವ ಹಾಗೆ ಇಟ್ಟರು. ಬೀಗ ಬಿದ್ದ ಫೈಲುಗಳನ್ನು ಒಂದು ಡಿಸ್ಕಿಗೆ ಎತ್ತಿ ಪಕ್ಕಕ್ಕಿಟ್ಟಿದ್ದರೆ ಕಾಲೇಜಿನದೆಲ್ಲ ಒಂದು ಮಧ್ಯಾಹ್ನದಲ್ಲಿ ವಾಪಸ್ ಬರುತ್ತಿತ್ತು. ಕಳ್ಳರು ಹಾಕಿದ್ದು ಬೀಗ ಮಾತ್ರ. ಬೀರುವನ್ನೇ ಸುಟ್ಟವನು ನಾನು.

ರಮಣಯ್ಯನಿಗೆ ಹೇಳಿದೆ. "ಅವ್ರಿಗೇನಾದ್ರೂ ಹೇಳೀಯ ಮತ್ತೆ," ಎಂದ. ನಾನು ಹೇಳಲಿಲ್ಲ. ಗುರುವಾರ ಗುರುವಾರ ಹೋಗಿ ಅವರು ಕೊಟ್ಟ ಟೀ ಕುಡಿದು ಬರುತ್ತಿದ್ದೆ. ಫೈಲು ಹೋದದ್ದಕ್ಕೆ ಅವರು ಕೊನೆಯವರೆಗೂ ದೃಷ್ಟಿಯನ್ನೇ ಬೈದರು.

ಇನ್ನು ಅಕ್ಕನ ವಿಷಯ.

ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನಮ್ಮದು ನೇಯ್ಗೆಯ ಮನೆ. ಭಾವ ಹೋದ ಮೇಲೆ ಅವಳು ನನ್ನ ಜೊತೆಗೇ ಇದ್ದಳು, ಅಥವಾ ನಾನು ಅವಳ ಜೊತೆ ಇದ್ದೆ. ನಮ್ಮ ಮನೆಗೆ ಬಂದವರಿಗೆ ಯಜಮಾನರು ಯಾರೆಂದು ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಅವಳ ಕೆಲಸ ಸೀರೆಯ ಡಿಸೈನ್ ಬರೆಯುವುದು. ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಿದ್ದಳು. ಆಮೇಲೆ ನಾನು ಒಂದು ಹಳೆಯ ಕಂಪ್ಯೂಟರ್ ತಂದು ಕೂರಿಸಿದೆ. ಎರಡು ತಿಂಗಳಲ್ಲಿ ನನಗಿಂತ ಚೆನ್ನಾಗಿ ಕಲಿತಳು. ಕಾಗದದ ಮೇಲಿದ್ದದ್ದನ್ನೆಲ್ಲ ಅದರೊಳಗೆ ಮತ್ತೆ ಬರೆದು, ಗೆದ್ದಲು ಹಿಡಿದಿದ್ದ ಕಾಗದವನ್ನು ನೀರೊಲೆಗೆ ಹಾಕಿದಳು. ಬೀದಿಯ ನೇಕಾರರು ಬಂದು "ಸಾವಿತ್ರಕ್ಕ, ಆ ಹಂಸದ ಸೆರಗು ಬೇಕಾಗಿತ್ತು" ಎಂದರೆ ಒಂದು ಪ್ರತಿ ತೆಗೆದುಕೊಡುತ್ತಿದ್ದಳು. ಅವರು ಆ ಕಾಗದ ಹರಿದುಹೋಗುವವರೆಗೆ ನೋಡಿಕೊಂಡು ಮಗ್ಗಕ್ಕೆ ರಟ್ಟು ಕೊಯ್ಯಿಸುತ್ತಿದ್ದರು. ತೂತು ಹೊಡೆದ ಉದ್ದನೆಯ ರಟ್ಟುಗಳ ಸರ ಅದು. ಒಂದೊಂದು ರಟ್ಟು ಹೊಕ್ಕಿನ ಒಂದೊಂದು ಎಳೆಗೆ. ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಇರುತ್ತದೆ. ಹಾಗೆ ಎದ್ದು ಬಿದ್ದು ಹಂಸ ಮೂಡುತ್ತದೆ.

ಸಕ್ಕರೆ ಕಾಯಿಲೆ ಅವಳ ಕಣ್ಣು ತಿನ್ನುತ್ತ ಬಂತು. ಪರದೆಯನ್ನು ದೊಡ್ಡದು ಮಾಡಿ, ಮೂಗು ತಾಗುವಷ್ಟು ಹತ್ತಿರ ಕೂತು ಕೆಲಸ ಮಾಡುತ್ತಿದ್ದಳು. ಹೊಸದಾಗಿ ಬರೆಯುವುದು ಹೆಚ್ಚುಕಡಿಮೆ ನಿಂತಿತ್ತು. ಹಳೆಯದನ್ನು ತೆಗೆದುಕೊಡುವುದು, ಅಂಚು ಬದಲಿಸಿಕೊಡುವುದು ಇಷ್ಟೇ. ಅವಳ ಕಣ್ಣು ಜೀವಮಾನವೆಲ್ಲ ಮಾಡಿದ ಕೆಲಸ ಆ ಪೆಟ್ಟಿಗೆಯೊಳಗೆ ಇತ್ತು. ಅದು ಹೋದರೆ ಮತ್ತೆ ಬರೆಯಲು ಕಣ್ಣು ಇರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗೊತ್ತಿದ್ದ ನಾನು ಮಾಡಿದ್ದು ಏನು? ಡಿಸೈನ್ ಬರೆಯುವ ಸಾಫ್ಟ್‌ವೇರಿನ ಅವಧಿ ಮುಗಿದಿತ್ತು. ಇಂಟರ್‌ನೆಟ್ಟಿನಿಂದ ಅದರ ಕ್ರ್ಯಾಕ್ ಇಳಿಸಿದೆ. ಬೀಗ ಮುರಿದು ಕಳ್ಳದಾರಿಯಲ್ಲಿ ಓಡಿಸುವ ಪುಟ್ಟ ಪ್ರೋಗ್ರಾಮಿಗೆ ನಮ್ಮವರು ಇಟ್ಟ ಹೆಸರು ಅದು. ಆಂಟಿವೈರಸ್ಸು ಕೂಗಿಕೊಂಡಿತು. ಕ್ರ್ಯಾಕಿನ ಜೊತೆ ಬಂದ ಸೂಚನೆಯಲ್ಲಿ ಮೊದಲು ಆಂಟಿವೈರಸ್ ಆರಿಸಿ ಎಂದು ಬರೆದಿತ್ತು. ಕಳ್ಳನೇ ಬಂದು "ನಾಯಿ ಕಟ್ಟಾಕಿ ಸ್ವಾಮಿ" ಎಂದರೆ ಕಟ್ಟಿಹಾಕುವ ಬುದ್ಧಿವಂತ ನಾನು. ಅಷ್ಟು ವರ್ಷ ಅಷ್ಟು ಯಂತ್ರಗಳಿಗೆ ಹಾಗೇ ಮಾಡಿದ್ದೆ, ಏನೂ ಆಗಿರಲಿಲ್ಲ. ಏನೂ ಆಗದ್ದನ್ನು ಅನುಭವ ಎಂದು ಕರೆದುಕೊಳ್ಳುತ್ತಿದ್ದೆ.

ಎರಡನೆಯದು ಇನ್ನೂ ಚೆನ್ನಾಗಿದೆ. ನಕಲು ಪ್ರತಿ ಇಟ್ಟುಕೊಳ್ಳಲೆಂದು ನಾನೇ ಒಂದು ಹೊರಗಿನ ಡಿಸ್ಕು ತಂದುಕೊಟ್ಟಿದ್ದೆ. ನಕಲು ಮಾಡಿದ ಮೇಲೆ ಕಿತ್ತು ಬೀರುವಿನಲ್ಲಿಡಬೇಕು ಎಂದೂ ಹೇಳಿದ್ದೆ. ಆಯುಧಪೂಜೆಯ ದಿನ ಅಕ್ಕ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಡಿಸ್ಕು ಸಿಕ್ಕಿಸಿ, ಎರಡನ್ನೂ ಸೇರಿಸಿ ಅರಿಶಿನದ ದಾರ ಸುತ್ತಿ ಕಂಕಣ ಕಟ್ಟಿದಳು. ಮಗ್ಗಕ್ಕೂ ಅದರ ಸಾಮಾನಿಗೂ ಜೋಡಿಯಾಗಿ ಕಟ್ಟುವುದು ನಮ್ಮ ಮನೆಯ ರೂಢಿ.

"ಅದನ್ನ ಬಿಚ್ಚಿ ಒಳಗಿಡ್ಬೇಕಲ್ಲಕ್ಕ," ಎಂದೆ.

"ಕಂಕಣ ಕಟ್ಟಿದ್ದನ್ನ ಬಿಚ್ತಾರೇನ್ಲಾ? ತಾನಾಗೇ ಉದುರ್ಬೇಕು. ದೊಡ್ಡ ಮೆಕ್ಯಾನಿಕ್ ಬಂದ್ಬುಟ್ಟ."

ದಾರ ಬಿಚ್ಚದೆ ತಂತಿ ಮಾತ್ರ ಕಿತ್ತಿಡಬಹುದಿತ್ತು. ಅದೂ ಹೊಳೆಯಲಿಲ್ಲ. ಅಕ್ಕನ ಜೊತೆ ವಾದ ಮಾಡುವುದಕ್ಕಿಂತ ಹಾಗೇ ಬಿಡುವುದು ಸುಲಭವಾಗಿತ್ತು.

ಕ್ರ್ಯಾಕ್ ಹಾಕಿದ ಮಾರನೆಯ ಬೆಳಿಗ್ಗೆ ನಾನು ತಿಂಡಿ ತಿನ್ನುತ್ತಿದ್ದೆ. ಒಳಗಿನಿಂದ ಅಕ್ಕ ಕರೆದಳು. ದನಿ ಎಂದಿನಂತಿರಲಿಲ್ಲ.

"ಲೇ, ಬಾ ಇಲ್ಲಿ. ನನ್ನ ಕಣ್ಣು ಪೂರ್ತಿ ಹೋಗ್ಬುಡ್ತೇನ್ಲಾ?"

ಹೋಗಿ ನೋಡಿದೆ. ಪರದೆಯ ತುಂಬ ಬಿಳಿ ಹಾಳೆಯ ಗುರುತುಗಳು. ಹಂಸ, ಮಾವಿನಕಾಯಿ, ರುದ್ರಾಕ್ಷಿ ಅಂಚು, ಪುಟ್ಟಪುಟ್ಟ ಚಿತ್ರಗಳಾಗಿ ಕಾಣಬೇಕಾಗಿದ್ದ ಕಡೆ ಎಲ್ಲವೂ ಬಿಳಿ. ಪ್ರತಿ ಹೆಸರಿಗೂ ಬಾಲ.

"ಕಣ್ಣಲ್ಲಕ್ಕ," ಎಂದೆ.

"ಅಬ್ಬ," ಎಂದು ಅವಳು ಉಸಿರು ಬಿಟ್ಟಳು. ಆ ನೆಮ್ಮದಿಯನ್ನು ಎಷ್ಟು ಹೊತ್ತು ಹಾಗೇ ಬಿಡಬಹುದು ಎಂದು ನಾನು ನಿಂತೇ ಇದ್ದೆ.

ಈ ಸಲ ಫಾರ್ಮ್ಯಾಟ್ ಕೊಡಲಿಲ್ಲ. ಮಾಡಬೇಕಾದದ್ದನ್ನು ಮಾಡಿದೆ, ಹೊಸಬರು ಇದನ್ನು ಗಮನಿಸಿ. ಮೊದಲು ಇಂಟರ್‌ನೆಟ್ಟಿನ ತಂತಿ ಕಿತ್ತೆ. ಡಿಸ್ಕು ಕಿತ್ತೆ, ಅದಕ್ಕೂ ಬೀಗ ಬಿದ್ದಾಗಿತ್ತು. ಚೀಟಿಯ ಮತ್ತು ಬಾಲದ ಫೋಟೋ ತೆಗೆದುಕೊಂಡೆ, ಯಾವ ಜಾತಿಯ ಬೀಗ ಎಂದು ತಿಳಿಯಲು ಅವೆರಡೇ ಗುರುತು. ಯಂತ್ರ ಆರಿಸಿ ಒಳಗಿನ ಹಾರ್ಡ್‌ಡಿಸ್ಕು ಬಿಚ್ಚಿ, ಬೇರೆ ಶುದ್ಧವಾದ ಯಂತ್ರದಲ್ಲಿ ಅದರ ಪೂರ್ತಿ ಪ್ರತಿ ಎತ್ತಿದೆ. ಆಮೇಲೆ ನಂಬಿಕೆಯ ಜಾಗಗಳಲ್ಲಿ ಬಿಟ್ಟಿ ಕೀಲಿ ಹುಡುಕಿದೆ. ಈ ಜಾತಿಯಲ್ಲಿ ಕೆಲವರ ಬೀಗಕ್ಕೆ ಕೀಲಿ ಇತ್ತು, ನಮ್ಮದಕ್ಕೆ ಇರಲಿಲ್ಲ. ನಮ್ಮ ಕೀಲಿ ಆ ಕಳ್ಳರ ಬಳಿ ಮಾತ್ರ. ಇಷ್ಟೆಲ್ಲ ಆದ ಮೇಲೆ ಹೊಸ ಹಾರ್ಡ್‌ಡಿಸ್ಕು ಹಾಕಿ, ವಿಂಡೋಸ್ ಮೊದಲಿನಿಂದ ಹಾಕಿ, ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಿಸಿದೆ. ಪೀಡೆ ಹೋಯಿತು. ಫೈಲುಗಳು ಬರಲಿಲ್ಲ.

ರೈಲು ಹತ್ತಿ ಬೆಂಗಳೂರಿಗೂ ಹೋದೆ. ಡೇಟಾ ರಿಕವರಿ ಬೋರ್ಡಿನ, ಎಸಿ ಹಾಕಿಕೊಂಡ ಒಂದು ಅಂಗಡಿಯವನು ಫೈಲುಗಳನ್ನು ನೂರಕ್ಕೆ ನೂರು ತೆಗೆದುಕೊಡುತ್ತೇನೆ ಎಂದ. ಹೇಗೆ ಎಂದು ಕೇಳಿದೆ. ಅದು ವೃತ್ತಿಯ ಗುಟ್ಟು ಎಂದ. ಗುಟ್ಟು ನನಗೂ ಗೊತ್ತಿತ್ತು: ಇಂಥವರು ಹಿಂದಿನ ಬಾಗಿಲಿನಿಂದ ಕಳ್ಳರಿಗೇ ಕಾಸು ಕಟ್ಟಿ, ಅದರ ಮೇಲೆ ತಮ್ಮದೊಂದು ಪಾಲು ಇಟ್ಟು, ವಿಜ್ಞಾನ ಎಂದು ಮಾರುತ್ತಾರೆ. ರಮಣಯ್ಯ ಇವನ ಮುಂದೆ ಸತ್ಯವಂತ. ಅವನು ಹಾಳು ಮಾಡುವುದನ್ನು ಕಣ್ಣೆದುರೇ ಮಾಡುತ್ತಿದ್ದ.

ಕಳ್ಳರಿಗೆ ನಾವೇ ಕಟ್ಟಿಬಿಡೋಣವೇ ಎಂದು ಅಕ್ಕನನ್ನು ಕೇಳಿದೆ.

"ಕೊಟ್ ಮೇಲೆ ಕೀಲಿ ಕೊಡ್ತಾನೆ ಅಂತ ಯಾರ್ಲಾ ಜಾಮೀನು? ಅವನೇನು ನಮ್ಮ ಮೂರನೇ ಮನೆ ನಾಗಭೂಷಣನಾ, ಹೋಗಿ ಕತ್ತಿನ ಪಟ್ಟಿ ಹಿಡಿಯಾಕೆ?"

ಆ ದಿನವೇ ಅವಳಿಗೆ ಕ್ರ್ಯಾಕಿನ ವಿಷಯ ಹೇಳಿದೆ. ಕಲ್ಯಾಣದುರ್ಗದಲ್ಲಿ ಬಾಯಿ ಮುಚ್ಚಿಕೊಂಡದ್ದು ಒಂದೇ ಸಾಕಾಗಿತ್ತು.

"ಬಾಗ್ಲು ನೀನು ತೆಗ್ದೆ. ಡಿಸ್ಕು ನಾನು ಕಟ್ಟಾಕಿ ಕೊಟ್ಟೆ. ಪಾಪ, ಕಳ್ಳಂಗೆ ಇನ್ನೇನ್ಲಾ ಕೆಲ್ಸ ಉಳ್ದಿತ್ತು?" ಎಂದಳು. ಆಮೇಲೆ ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಇಟ್ಟಳು.

ನಾಗಭೂಷಣ ಬಂದದ್ದು ಅದಾದ ನಾಲ್ಕೈದು ದಿನಕ್ಕೆ. ಮೂರನೇ ಮನೆಯ ನೇಕಾರ, ಅಕ್ಕನಿಗೆ ವಯಸ್ಸಿನಲ್ಲಿ ಮಗನಂಥವನು. ಹಂಸದ ಸೆರಗು ಕೇಳಲು ಬಂದಿದ್ದ.

"ಇಲ್ಲ ಕಣಪ್ಪ. ಎಲ್ಲ ಹೋಯ್ತು," ಎಂದಳು ಅಕ್ಕ.

"ಅಯ್ಯೋ, ಹೋದ್ರೆ ಹೋಗ್ಲಿ ಬುಡಕ್ಕ. ಮೊದ್ಲು ನೇಯ್ದಿದ್ದ ಸೆರಗಿನ ರಟ್ಟು ನಮ್ಮ ಅಟ್ಟದ ಮೇಲೆ ಬಿದ್ದೈತೆ. ಹರ್ದೋಗೈತೆ, ಮಗ್ಗಕ್ಕೆ ಏರಿಸಾಕೆ ಬರಲ್ಲ. ಅದಕ್ಕೇ ಹೊಸ್ದು ಕೊಯ್ಯಿಸಾನ ಅಂತ ಬಂದೆ."

ನಮ್ಮ ಬೀದಿಯಲ್ಲಿ ಗುಡಿಯ ಅಮ್ಮನವರ ಸೀರೆ ನೇಯ್ದ ರಟ್ಟನ್ನು ಒಲೆಗೂ ಹಾಕುವುದಿಲ್ಲ, ಗುಜರಿಗೂ ಕೊಡುವುದಿಲ್ಲ. ಪ್ರತಿ ಹೊಸ ಡಿಸೈನಿನ ಮೊದಲ ಸೀರೆ ಅಮ್ಮನವರಿಗೆ ಹೋಗುತ್ತದೆ. ಹಾಗಾಗಿ ಆ ರಟ್ಟುಗಳೆಲ್ಲ ಕಟ್ಟು ಕಟ್ಟಾಗಿ ಯಾರದಾದರೂ ಅಟ್ಟದ ಮೇಲೆ ಇರುತ್ತವೆ. ನಾನು ಬೆಂಗಳೂರಿನವರೆಗೆ ಹೋಗಿ ಹುಡುಕಿದ್ದ ಪ್ರತಿಗಳು ಮೂರನೇ ಮನೆಯಲ್ಲಿ ಇಲಿಗಳ ಜೊತೆ ಇದ್ದವು. ಬೀಗ ಬಿದ್ದ ಮನೆಗೆ ಹೋದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದನ್ನು ಯಾರಿಗೆ ಕೊಟ್ಟಿದ್ದಿರಿ, ಎಲ್ಲಿ ಕಳಿಸಿದ್ದಿರಿ, ಎಲ್ಲಿ ಅಚ್ಚಾಗಿದೆ? ನನಗೆ ಅದು ಹೊಳೆಯಲೇ ಇಲ್ಲ. ರಟ್ಟು ಕಂಪ್ಯೂಟರ್ ಅಲ್ಲವಲ್ಲ.

ಆದರೂ ನಾನು ತಲೆಯಾಡಿಸಿದೆ. "ಅದನ್ನ ಓದೋರು ಯಾರು? ಒಂದೊಂದು ಕಟ್ಟಿನಲ್ಲಿ ಸಾವಿರ ರಟ್ಟು."

ಅಕ್ಕ ನಾಗಭೂಷಣನನ್ನು ಮನೆಗೆ ಓಡಿಸಿ ಕಟ್ಟು ತರಿಸಿ, ಅದರಿಂದ ಒಂದು ರಟ್ಟು ಎಳೆದು ತೊಡೆಯ ಮೇಲಿಟ್ಟುಕೊಂಡಳು. ತೋರುಬೆರಳನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದಳು. ಇನ್ನೊಂದು ತೆಗೆದಳು, ಮತ್ತೊಂದು.

"ಇದು ಹಂಸದ ಬೆನ್ನು ಕಣ್ಲಾ," ಎಂದಳು. "ಬರ್ಕೋ."

ಅಂದಿನಿಂದ ದಿನವೂ ಬೆಳಗಿನ ತಿಂಡಿಯಾದ ಮೇಲೆ ಅದೇ ಕೆಲಸ. ಅವಳು ಬೆರಳಾಡಿಸುತ್ತ "ತೂತು, ತೂತು, ಇಲ್ಲ, ತೂತು, ಮೂರಿಲ್ಲ" ಎಂದು ಹೇಳುತ್ತಿದ್ದಳು. ನಾನು ಪರದೆಯ ಮೇಲೆ ಚೌಕ ತುಂಬುತ್ತಿದ್ದೆ. ನಾನು ತಪ್ಪಿದರೆ ಅವಳಿಗೆ ಕ್ಲಿಕ್ಕಿನ ಸದ್ದಿನಲ್ಲೇ ತಿಳಿಯುತ್ತಿತ್ತು.

"ನಾಕು ಅಂದ್ರೆ ಮೂರು ಒತ್ತಿದ್ಯಲ್ಲ. ಮೇಷ್ಟ್ರು ಎಣಿಕೆ ಕಲಿಸ್ಲಿಲ್ವಾ?"

"ಮೇಷ್ಟ್ರೂ ನೀನೇ ಅಲ್ವೇನಕ್ಕ?"

"ಅದಕ್ಕೇ ಹಿಂಗಾಗೈತೆ."

ಅವಳು ಬಹಳ ಕಾಲದಿಂದ ಅಷ್ಟು ಮಾತಾಡಿರಲಿಲ್ಲ. ಯಾವ ನೇಕಾರ ರಟ್ಟು ಕೊಯ್ಯುವಾಗ ಕೈತಪ್ಪಿ ತೂತು ಹೊಡೆದು ಮೇಲೆ ಕಾಗದ ಅಂಟಿಸಿದ್ದಾನೆ ಎಂಬುದೂ ಬೆರಳಿಗೆ ಸಿಗುತ್ತಿತ್ತು. "ಇದು ಅವರಪ್ಪನ ಕೆಲ್ಸ, ಕುಡ್ದು ಕೊಯ್ದವ್ನೆ," ಎನ್ನುತ್ತಿದ್ದಳು. ಊರ ನೇಕಾರರ ಮೂರು ತಲೆಮಾರನ್ನು ಹಾಗೆ ಕೂತಲ್ಲೇ ಬೈದು ಮುಗಿಸಿದಳು. ಬೀದಿಯವರು ಒಬ್ಬೊಬ್ಬರಾಗಿ ಅಟ್ಟ ಹತ್ತಿ ಕಟ್ಟುಗಳನ್ನು ತಂದುಕೊಟ್ಟರು. ಮಗ್ಗಕ್ಕೆ ಎಂದೂ ಏರದ ಡಿಸೈನ್‌ಗಳಿಗೆ ರಟ್ಟು ಇರಲಿಲ್ಲ, ಅವು ಹೋದವು. ಅವುಗಳ ಬಗ್ಗೆ ಅವಳು ಕೇಳಲೂ ಇಲ್ಲ. ಆ ಬೀಗ ಬಿದ್ದ ಡಿಸ್ಕು ಈಗಲೂ ನನ್ನ ಬೀರುವಿನಲ್ಲಿದೆ. ಕೀಲಿ ಬಂದಿದೆಯೇ ಎಂದು ಆಗಾಗ ನೋಡುತ್ತೇನೆ. ಇನ್ನೂ ಬಂದಿಲ್ಲ.

ಮುಕ್ಕಾಲು ಪಾಲು ಮುಗಿದಿತ್ತು. ಒಂದು ದಿನ ಅಂಚಿನ ರಟ್ಟು ಓದುತ್ತಿದ್ದವಳು ಬೆರಳು ನಿಲ್ಲಿಸಿ, "ಸಾಕು ಇವತ್ತಿಗೆ, ಕೈಯೆಲ್ಲ ಜುಂ ಅಂತೈತೆ," ಎಂದಳು. ಆಸ್ಪತ್ರೆಗೆ ಸೇರಿಸಿದೆ. ಅಲ್ಲಿಂದ ಮನೆಗೆ ಬರಲಿಲ್ಲ. ಉಳಿದ ಕಟ್ಟುಗಳನ್ನು ನಾನೇ ಓದಿದೆ, ರಟ್ಟನ್ನು ಕಿಟಕಿಗೆ ಹಿಡಿದು, ಬೆಳಕು ಬಂದ ತೂತುಗಳನ್ನು ಎಣಿಸುತ್ತ. ಕಣ್ಣು ಸರಿಯಿರುವ ನನಗೆ ಅವಳ ಬೆರಳಿಗಿಂತ ಎರಡರಷ್ಟು ಹೊತ್ತು ಹಿಡಿಯಿತು. ಮುಗಿದ ಮೇಲೆ ಮೂರು ಡಿಸ್ಕಿಗೆ ಪ್ರತಿ ತೆಗೆದು, ಒಂದನ್ನು ನಾಗಭೂಷಣನ ಮನೆಯಲ್ಲಿಟ್ಟೆ.

ಕಳೆದ ತಿಂಗಳು ಅವನೇ ಮಗ್ಗದಿಂದ ಇಳಿಸಿದ ಸೀರೆಯೊಂದನ್ನು ತಂದು ನನ್ನ ಮುಂದೆ ಸೆರಗು ಬಿಡಿಸಿದ.

"ಅಣ್ಣ, ಇಲ್ಲಿ ನೋಡಿ. ಹಂಸದ ಕತ್ತಿನ ಕೆಳಗೆ ಒಂದು ಚುಕ್ಕೆ ಬತ್ತಾ ಐತೆ. ಎಲ್ಲಾ ಹಂಸಕ್ಕೂ."

ಅವನ ಅಟ್ಟದ ಹಳೆಯ ರಟ್ಟನ್ನು ತರಿಸಿ ನೋಡಿದೆ. ತಪ್ಪಿ ಹೊಡೆದ ತೂತಿಗೆ ಅಂಟಿಸಿದ್ದ ಕಾಗದ ಉದುರಿ, ಗೋಂದಿನ ಕಲೆ ಮಾತ್ರ ಉಳಿದಿತ್ತು. ಕಲೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಅವಳು ತೂತು ಎಂದಿದ್ದಳು, ನಾನು ಒತ್ತಿದ್ದೆ. ಅವಳು ಓದಿದ ಅಷ್ಟು ಸಾವಿರ ರಟ್ಟುಗಳಲ್ಲಿ ನಮಗೆ ಸಿಕ್ಕ ತಪ್ಪು ಅದೊಂದೇ.

"ನಮ್ಮೋಳು ಹೇಳ್ತಾಳೆ, ಅಕ್ಕನ ಗುರುತು ಅಂತ ಹಂಗೇ ಇರ್ಲಿ ಅಂತ. ಗಿರಾಕಿಗೇನೂ ಗೊತ್ತಾಗಲ್ಲ," ಎಂದ ನಾಗಭೂಷಣ.

ಅಕ್ಕ ಇದ್ದಿದ್ದರೆ ಅವನಿಗೂ ಅವನ ಹೆಂಡತಿಗೂ ಸರಿಯಾಗಿ ಬೈಗುಳ ಬೀಳುತ್ತಿತ್ತು. ತಪ್ಪನ್ನು ಗುರುತು ಎಂದು ಇಟ್ಟುಕೊಳ್ಳುವುದು ಸೋಮಾರಿಗಳ ಕೆಲಸ ಎನ್ನುತ್ತಿದ್ದಳು. ಸರಿಪಡಿಸಿ ಕೊಡುತ್ತೇನೆ, ಹೋಗು ಎಂದೆ. ಫೈಲು ತೆರೆದೆ. ಕತ್ತಿನ ಕೆಳಗಿನ ಆ ಚೌಕಕ್ಕೆ ಹೋದೆ. ಅಳಿಸಲು ಒಂದು ಕ್ಲಿಕ್ಕು ಸಾಕು.

ನನಗೆ ಮೂರು ದಿನ ಹಿಡಿಯಿತು.